ಮಲಬಾರ್ ಬ್ಯಾಂಡೆಡ್ ಪೀಕಾಕ್ ಚಿಟ್ಟೆ ಗುರುತಿಸುವುದು ಹೇಗೆ: ಬಣ್ಣ ಬಿಡಿ, ಪಟ್ಟೆ ನೋಡಿ

ಮಳೆ ಒಂದೆರಡು ದಿನ ಬಿಟ್ಟು ಬಿಸಿಲು ಬಿದ್ದರೆ ಸಾಕು, ನನ್ನ ಫೋನಿಗೆ ಚಿಟ್ಟೆ ಫೋಟೊಗಳು ಬರಲು ಶುರುವಾಗುತ್ತವೆ. "ನಮ್ಮ ಅಂಗಳಕ್ಕೆ ಹೊಳೆಯುವ ನೀಲಿ ಚಿಟ್ಟೆ ಬಂದಿತ್ತು, ಇದು ಆ ಅಪರೂಪದ ನವಿಲು ಚಿಟ್ಟೆಯೇ ಅಲ್ವಾ?" ಅಂತ ಕೇಳುತ್ತಾರೆ. ಹೆಚ್ಚಿನ ಸಲ ಅಲ್ಲ. ಆದರೆ ಯಾಕೆ ಅಲ್ಲ ಅಂತ ಒಂದು ಸಾಲಿನಲ್ಲಿ ಹೇಳಿದರೆ ಮುಂದಿನ ಸಲ ಅವರಿಗೆ ಉಪಯೋಗ ಆಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವ ಚಿಟ್ಟೆ ಮಲಬಾರ್ ಬ್ಯಾಂಡೆಡ್ ಪೀಕಾಕ್. ವೈಜ್ಞಾನಿಕ ಹೆಸರು ಪ್ಯಾಪಿಲಿಯೊ ಬುದ್ಧ. 1872ರಲ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ಕೀಟತಜ್ಞ ಈ ಹೆಸರು ಕೊಟ್ಟ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಇಲ್ಲ. ಕೇರಳದವರು 2018ರಲ್ಲಿ ಇದನ್ನು ತಮ್ಮ ರಾಜ್ಯ ಚಿಟ್ಟೆ ಮಾಡಿಕೊಂಡರು, ಅಲ್ಲಿ ಇದಕ್ಕೆ ಬುದ್ಧಮಯೂರಿ ಅಂತ ಚೆಂದದ ಹೆಸರಿದೆ. ನಮ್ಮ ರಾಜ್ಯ ಚಿಟ್ಟೆ ಬೇರೆ, ಹಳದಿ ಮತ್ತು ಕಪ್ಪಿನ ಸದರ್ನ್ ಬರ್ಡ್‌ವಿಂಗ್. ಆದರೆ ಈ ಬುದ್ಧಮಯೂರಿ ನಮ್ಮ ಕರಾವಳಿಯ ಘಟ್ಟದ ಬುಡದಲ್ಲಿ, ಕೊಡಗಿನಲ್ಲಿ, ಮಲೆನಾಡಿನಲ್ಲಿ, ಉತ್ತರ ಕನ್ನಡದ ಕಾಡುಗಳಲ್ಲಿ ಇದೆ. ಎಷ್ಟೋ ಸಲ ನಮ್ಮ ತೋಟದ ಮೇಲೇ ಹಾರಿ ಹೋಗುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಮೊದಲು ಒಂದು ಮಾತು. ಈ ಚಿಟ್ಟೆ ನಿಮ್ಮ ಮುಂದೆ ಕೂತು ಕಾಯುವುದಿಲ್ಲ. ವೇಗವಾಗಿ ಹಾರುತ್ತದೆ, ಹೆಚ್ಚಾಗಿ ಮರದ ತುದಿಯ ಮಟ್ಟದಲ್ಲಿ. ಹೂವಿಗೆ ಇಳಿದರೂ ಒಂದು ಗೊಂಚಲಿನಲ್ಲಿ ಮೂರು ನಾಲ್ಕು ಸೆಕೆಂಡ್ ಇರಬಹುದು. ಅಷ್ಟರಲ್ಲಿ ಏನು ನೋಡಬೇಕು ಅನ್ನುವುದು ಮೊದಲೇ ತಲೆಯಲ್ಲಿ ಇರಬೇಕು. ಎಲ್ಲರೂ ಮಾಡುವ ತಪ್ಪು ಏನು ಅಂದರೆ ಬಣ್ಣ ನೋಡುವುದು. ಬಣ್ಣ ನಂಬಬೇಡಿ.

ಯಾಕೆ ಅಂತ ಹೇಳುತ್ತೇನೆ. ಕಳೆದ ಮಳೆಗಾಲದ ಕೊನೆಗೆ ನಮ್ಮ ಮನೆಯ ಹಿಂದಿನ ಕೇಪಳ ಗಿಡಕ್ಕೆ ಒಂದು ಬಂತು. ನಾನು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದೆ, ನಡುವೆ ಎರಡು ಮಾರು ಅಂತರ. ಅದು ಹೂವಿನ ಮೇಲೆ ಪೂರ್ತಿ ಕೂರಲೇ ಇಲ್ಲ. ಮುಂಗಾಲುಗಳನ್ನು ಹೂವಿಗೆ ಊರಿ, ರೆಕ್ಕೆಗಳನ್ನು ಪಟಪಟ ಅಂತ ನಡುಗಿಸುತ್ತಲೇ ರಸ ಹೀರುತ್ತಿತ್ತು. ಎದುರಿನಿಂದ ನೋಡಿದಾಗ ಪಟ್ಟೆ ಎಳೆ ಬಾಳೆಸುಳಿಯ ಹಸಿರು. ಅದು ಸ್ವಲ್ಪ ಓರೆಯಾಗಿ ತಿರುಗಿತು, ಅದೇ ಪಟ್ಟೆ ನೀಲಿ ಆಯಿತು. ಅಲ್ಲೇ ಬಾಳೆ ಎಲೆಯ ನೆರಳಿಗೆ ಜಾರಿದಾಗ ಇಡೀ ಚಿಟ್ಟೆ ಬರೀ ಕಪ್ಪು, ಹೊಳಪೇ ಇಲ್ಲ. ಒಂದೇ ಚಿಟ್ಟೆ, ಹತ್ತು ಸೆಕೆಂಡಿನಲ್ಲಿ ಮೂರು ಬಣ್ಣ. ಆ ಪಟ್ಟೆಯಲ್ಲಿರುವುದು ಬಳಿದ ಬಣ್ಣ ಅಲ್ಲ. ರೆಕ್ಕೆಯ ಮೇಲಿನ ಸಣ್ಣ ಸಣ್ಣ ಹುರುಪೆಗಳ ರಚನೆಯಿಂದ ಬೆಳಕು ಒಡೆದು ಹೊಳೆಯುತ್ತದೆ, ನವಿಲುಗರಿಯಲ್ಲಿ ಆಗುವ ಹಾಗೆಯೇ. ಹಾಗಾಗಿ "ನೀಲಿ ಇತ್ತು", "ಇಲ್ಲ, ಹಸಿರಿತ್ತು" ಅಂತ ಜಗಳ ಆಡಿ ಪ್ರಯೋಜನ ಇಲ್ಲ. ಇಬ್ಬರೂ ಸರಿ.

ಹಾಗಾದರೆ ನೋಡಬೇಕಾದದ್ದು ಏನು? ಪಟ್ಟೆ. ಅದರ ಅಗಲ, ಮತ್ತು ಅದು ಯಾವ ಯಾವ ರೆಕ್ಕೆಯ ಮೇಲಿದೆ ಅನ್ನುವುದು.

ಮಲಬಾರ್ ಬ್ಯಾಂಡೆಡ್ ಪೀಕಾಕಿನ ರೆಕ್ಕೆಯ ಮೇಲ್ಭಾಗ ಮಖಮಲ್ಲಿನ ಕಪ್ಪು. ಆ ಕಪ್ಪಿನ ಮೇಲೆ ಹಸಿರು ಪುಡಿ ಉದುರಿಸಿದ ಹಾಗೆ ಚುಕ್ಕಿ ಚುಕ್ಕಿ, ಮೈಯ ಹತ್ತಿರ ಆ ಪುಡಿ ಜಾಸ್ತಿ. ನಡುವೆ ಅಗಲವಾದ ಹಸಿರು ನೀಲಿ ಪಟ್ಟೆ. ಮುಂದಿನ ರೆಕ್ಕೆಯಲ್ಲಿ ಶುರುವಾಗಿ ಹಿಂದಿನ ರೆಕ್ಕೆಗೂ ಹಾದುಹೋಗುತ್ತದೆ. ರೆಕ್ಕೆಗಳನ್ನು ಪೂರ್ತಿ ಬಿಡಿಸಿದಾಗ ಎರಡೂ ಕಡೆಯಿಂದ ಬಂದು ಒಂದೇ ಪಟ್ಟೆಯ ಹಾಗೆ ಕಾಣುತ್ತದೆ. ಅಗಲ ಎಷ್ಟು ಅಂದರೆ ರೆಕ್ಕೆಯ ಸುಮಾರು ಮೂರನೇ ಒಂದು ಭಾಗ ಅದೇ. ಮುಂದಿನ ರೆಕ್ಕೆಯಲ್ಲಿ ಮೇಲಿನ ಅಂಚಿನ ಕಡೆಗೆ ಹೋಗುತ್ತಾ ಸಣ್ಣದಾಗುತ್ತದೆ. ಹತ್ತಿರದಿಂದ ನೋಡಿದರೆ ಪಟ್ಟೆಯ ನಡುವೆ ಕಪ್ಪು ನರಗಳು ಗೆರೆ ಎಳೆದ ಹಾಗೆ ಕಾಣುತ್ತವೆ. ಹಿಂದಿನ ರೆಕ್ಕೆಗೆ ಚಮಚದ ಆಕಾರದ ಬಾಲ ಇದೆ. ಚಿಟ್ಟೆ ದೊಡ್ಡದು, ರೆಕ್ಕೆ ಬಿಡಿಸಿದರೆ 10 ಸೆಂಟಿಮೀಟರಿಗಿಂತ ಜಾಸ್ತಿ. ಅಂಗೈ ಮೇಲೆ ಇಟ್ಟರೆ ಅಂಗೈ ಮುಚ್ಚುತ್ತದೆ ಅಂದುಕೊಳ್ಳಿ, ಆದರೆ ದಯವಿಟ್ಟು ಇಡಬೇಡಿ.

ಹಾರುವಾಗ ಹೇಗೆ ಕಾಣುತ್ತದೆ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಇದನ್ನು ನೋಡುವುದು ಹಾಗೆಯೇ. ಕಾಡಿನ ನೆರಳಲ್ಲಿ ಕಪ್ಪು ರೆಕ್ಕೆ ಕಾಣುವುದೇ ಇಲ್ಲ. ಪಟ್ಟೆ ಮಾತ್ರ ಮಿಂಚಿ ಮಾಯವಾಗಿ, ಮತ್ತೆ ಸ್ವಲ್ಪ ಮುಂದೆ ಮಿಂಚುತ್ತದೆ. ಆ ಮಿಂಚು ಮುಂದಿನ ಮತ್ತು ಹಿಂದಿನ ರೆಕ್ಕೆ ಎರಡರಲ್ಲೂ ಇತ್ತಾ ಅಂತ ಮಾತ್ರ ನೋಡಿಕೊಳ್ಳಿ. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಯಾವುದರ ಜೊತೆ ಗೊಂದಲ ಆಗುತ್ತದೆ

ನನಗೆ ಬರುವ ಫೋಟೊಗಳಲ್ಲಿ ಅತಿ ಜಾಸ್ತಿ ಇರುವುದು ಬ್ಲೂ ಮಾರ್ಮನ್. ಇದೂ ದೊಡ್ಡದು, ಇದೂ ಕಪ್ಪು ನೀಲಿ, ನಿಂಬೆ ಗಿಡ ಇರುವ ಅಂಗಳಕ್ಕೆ ಬಂದೇ ಬರುತ್ತದೆ. ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಇದೇ. ಬೇರೆ ಮಾಡುವುದು ಸುಲಭ. ಇದಕ್ಕೆ ಬಾಲ ಇಲ್ಲ. ನೀಲಿ ಬಣ್ಣ ತಿಳಿಯಾಗಿದ್ದು, ಹಿಂದಿನ ರೆಕ್ಕೆಯ ಅರ್ಧಕ್ಕಿಂತ ಜಾಸ್ತಿ ಜಾಗ ತುಂಬಿಕೊಂಡಿರುತ್ತದೆ, ಅದರ ಮೇಲೆ ದುಂಡನೆಯ ಕಪ್ಪು ಬೊಟ್ಟುಗಳು. ಬೊಟ್ಟು ಕಂಡರೆ ಅಲ್ಲಿಗೆ ನಿಲ್ಲಿಸಿ, ಅದು ಪೀಕಾಕ್ ಅಲ್ಲ.

ಎರಡನೆಯದು ಬ್ಲೂಬಾಟಲ್. ಹೆಸರು ಕೇಳದವರೂ ಇದನ್ನು ನೋಡಿರುತ್ತೀರಿ. ಹೊಳೆ ಬದಿಯ ಒದ್ದೆ ಮರಳಿನಲ್ಲಿ ಗುಂಪಾಗಿ ಕೂತು ನೀರು ಹೀರುವ, ಕಪ್ಪು ರೆಕ್ಕೆಗೆ ಉದ್ದಕ್ಕೂ ನೀಲಿ ಹಸಿರು ಪಟ್ಟೆ ಇರುವ ಚಿಟ್ಟೆ. ವಿವರ ಹೇಳಿದರೆ ಮಲಬಾರ್ ಬ್ಯಾಂಡೆಡ್ ಪೀಕಾಕಿನ ವಿವರವೇ ಅನ್ನಿಸುತ್ತದೆ ಅಲ್ವಾ? ಅದಕ್ಕೇ ಬಾಯಿಮಾತಿನ ವಿವರ ಕೇಳಿ ಯಾವತ್ತೂ ತೀರ್ಮಾನ ಕೊಡಬಾರದು. ಬ್ಲೂಬಾಟಲ್ ಸಣ್ಣದು, ರೆಕ್ಕೆ ಕಿರಿದು, ಚೂಪು. ಅದರ ಪಟ್ಟೆ ಕಿಟಕಿಗೆ ಬಣ್ಣದ ಗಾಜು ಹಾಕಿದ ಹಾಗೆ ಪಾರದರ್ಶಕ, ಬೆಳಕಿಗೆ ಎದುರಾಗಿ ಹಿಡಿದರೆ ಬೆಳಕು ಒಳಗಿನಿಂದ ಬಂದ ಹಾಗೆ ಕಾಣುತ್ತದೆ. ರೆಕ್ಕೆ ಮಡಚಿ ಕೂತಾಗಲೂ ಆ ಪಟ್ಟೆ ಹೊರಗಿನಿಂದ ಅಷ್ಟೇ ಚೆನ್ನಾಗಿ ಕಾಣುತ್ತದೆ. ಪೀಕಾಕಿನಲ್ಲಿ ಹಾಗಾಗುವುದಿಲ್ಲ. ರೆಕ್ಕೆ ಮಡಚಿದರೆ ಹೊಳಪೆಲ್ಲ ಒಳಗೆ ಹೋಗಿ ಮಂಕು ಕಂದು ಕಪ್ಪು ಬಣ್ಣ ಮಾತ್ರ ಉಳಿಯುತ್ತದೆ.

ಮೂರನೆಯದು ಪ್ಯಾರಿಸ್ ಪೀಕಾಕ್. ನಮ್ಮ ಘಟ್ಟದಲ್ಲಿರುವ ಉಪಜಾತಿಗೆ ತಮಿಳ್ ಪೀಕಾಕ್ ಅಂತಲೂ ಹೇಳುತ್ತಾರೆ. ಇದೂ ಘಟ್ಟದ ಒದ್ದೆ ಕಾಡಿನದೇ, ಬಾಲವೂ ಇದೆ, ಹಸಿರು ಪುಡಿಯೂ ಇದೆ. ಇಲ್ಲಿ ಆಗಲೇ ಹೇಳಿದ ಪ್ರಶ್ನೆ ಕೇಳಿಕೊಳ್ಳಿ, ಹೊಳಪು ಎರಡೂ ರೆಕ್ಕೆಯಲ್ಲಿದೆಯಾ? ಇಲ್ಲ. ಹೊಳೆಯುವ ನೀಲಿ ಮಚ್ಚೆ ಇರುವುದು ಹಿಂದಿನ ರೆಕ್ಕೆಯಲ್ಲಿ ಮಾತ್ರ. ಮುಂದಿನ ರೆಕ್ಕೆಯಲ್ಲಿ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ತೆಳುವಾದ ಹಸಿರು ಗೆರೆ ಇರಬಹುದು, ಅದು ಪಟ್ಟೆ ಅಲ್ಲ.

ಇಷ್ಟು ದಾಟಿದ ಮೇಲೆ ನಿಜವಾದ ಕಷ್ಟ ಶುರು. ನಾಲ್ಕನೆಯದು ಕಾಮನ್ ಬ್ಯಾಂಡೆಡ್ ಪೀಕಾಕ್, ವೈಜ್ಞಾನಿಕವಾಗಿ ಪ್ಯಾಪಿಲಿಯೊ ಕ್ರಿನೊ. ಇದಕ್ಕೂ ಪಟ್ಟೆ ಎರಡೂ ರೆಕ್ಕೆಯಲ್ಲಿದೆ, ಬಾಲ ಇದೆ, ಕಪ್ಪಿನ ಮೇಲೆ ಹಸಿರು ಪುಡಿ ಇದೆ. ಹೆಸರಿನಲ್ಲೂ ಅರ್ಧ ಒಂದೇ. ಕೆಲವು ವರ್ಷದ ಹಿಂದೆ ಚಾಮರಾಜನಗರದ ಕಡೆ ತೆಗೆದ ಒಂದು ಫೋಟೊ ನೋಡಿ ನಾನೇ ಇದನ್ನು ಮಲಬಾರ್ ಅಂತ ಹೇಳಿಬಿಟ್ಟಿದ್ದೆ. ಆಮೇಲೆ ಅನುಭವಿ ಒಬ್ಬರು ಪಟ್ಟೆಯ ಅಗಲ ತೋರಿಸಿ ಸರಿ ಮಾಡಿದರು. ಅವತ್ತಿನಿಂದ ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡದೆ ನಾನು ಮಾತಾಡುವುದಿಲ್ಲ.

ವ್ಯತ್ಯಾಸ ಹೀಗೆ. ಕಾಮನ್‌ನ ಪಟ್ಟೆ ಸಪೂರ. ಮುಂದಿನ ರೆಕ್ಕೆಯಲ್ಲಿ ಸ್ವಲ್ಪ ಬಳುಕಿ ಬಾಗಿಕೊಂಡು ಹೋಗುತ್ತದೆ, ಪಟ್ಟೆಯ ಎರಡೂ ಕಡೆ ಕಪ್ಪು ಧಾರಾಳವಾಗಿ ಉಳಿದಿರುತ್ತದೆ. ಮಲಬಾರ್‌ನ ಪಟ್ಟೆ ನೋಡಿದಾಗ "ಪಟ್ಟೆಗೆ ಕಪ್ಪು ಅಂಚು ಕಟ್ಟಿದ್ದಾರೆ" ಅನ್ನಿಸಬೇಕು, ಕಾಮನ್ ನೋಡಿದಾಗ "ಕಪ್ಪು ಬಟ್ಟೆ ಮೇಲೆ ರಿಬ್ಬನ್ ಎಳೆದಿದ್ದಾರೆ" ಅನ್ನಿಸಬೇಕು. ನನಗೆ ಈ ಲೆಕ್ಕ ಚೆನ್ನಾಗಿ ಕೆಲಸ ಮಾಡಿದೆ. ಸೀರೆ ಉಡುವವರಿಗೆ ಇನ್ನೂ ಬೇಗ ಗೊತ್ತಾಗುತ್ತದೆ, ದೊಡ್ಡ ಅಂಚಿಗೂ ಸಣ್ಣ ಅಂಚಿಗೂ ಇರುವ ವ್ಯತ್ಯಾಸ ಅದು. ಇನ್ನೊಂದು ಸುಳಿವು ಬಾಲದಲ್ಲಿದೆ. ಕಾಮನ್‌ನ ಬಾಲದ ತುದಿಯಲ್ಲಿ, ಚಮಚದ ಬಾಯಿಯಂಥ ಜಾಗದಲ್ಲಿ, ಸಣ್ಣ ನೀಲಿ ಹಸಿರು ಚುಕ್ಕೆ ಹೊಳೆಯುತ್ತದೆ. ಒಳ್ಳೆಯ ಗುರುತು. ಆದರೆ ಹಕ್ಕಿ ಕಚ್ಚಿಯೋ ಮುಳ್ಳಿಗೆ ಸಿಕ್ಕಿಯೋ ಬಾಲ ಹರಿದು ಹೋಗಿರುವ ಚಿಟ್ಟೆಗಳೇ ಎಷ್ಟೋ ಇರುತ್ತವೆ, ಹಾಗಾಗಿ ಬಾಲವನ್ನು ಎರಡನೇ ಸಾಕ್ಷಿ ಅಂತ ಇಟ್ಟುಕೊಳ್ಳಿ, ಮೊದಲನೆಯದು ಅಂತ ಅಲ್ಲ.

ಜಾಗ ಕೂಡ ಹೇಳುತ್ತದೆ. ಕಾಮನ್ ಬ್ಯಾಂಡೆಡ್ ಪೀಕಾಕ್ ಒಣ ಸೀಮೆಯ ಎಲೆ ಉದುರುವ ಕಾಡಿನದು. ಅದರ ಮರಿಗಳು ತಿನ್ನುವುದು ಹುರಗಲು ಮರದ ಎಲೆ, ಆ ಮರ ಬೆಳೆಯುವುದು ಒಣ ಕಾಡಿನಲ್ಲಿ. ಮಲಬಾರ್ ಇರುವುದು ಮಳೆ ಚೆನ್ನಾಗಿ ಬೀಳುವ ಹಸಿರು ಕಾಡಿನಲ್ಲಿ ಮತ್ತು ಅದರ ಅಂಚಿನ ತೋಟಗಳಲ್ಲಿ. ಬಯಲುಸೀಮೆಯಲ್ಲಿ ನೋಡಿದ್ದರೆ ಮಲಬಾರ್ ಅಂತ ಹೇಳುವ ಮೊದಲು ಎರಡು ಸಲ ಯೋಚಿಸಿ. ಎರಡೂ ತರಹದ ಕಾಡು ಕೂಡುವ ಕಡೆ ಜಾಗವನ್ನು ನಂಬುವ ಹಾಗಿಲ್ಲ, ಅಲ್ಲಿ ಪಟ್ಟೆಯೇ ಗತಿ.

ಚಿಟ್ಟೆ ಹುಡುಕಬೇಡಿ, ಮರ ಹುಡುಕಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಭಾಗ ಇದು, ಜನ ಅತಿ ಕಮ್ಮಿ ಗಮನ ಕೊಡುವುದೂ ಇದಕ್ಕೇ. ಮಲಬಾರ್ ಬ್ಯಾಂಡೆಡ್ ಪೀಕಾಕ್ ಮೊಟ್ಟೆ ಇಡುವುದು ಜುಮ್ಮನಕಾಯಿ ಮರಕ್ಕೆ. ಕೊಂಕಣಿಯವರ ತಿರ್ಫಳ ಅಥವಾ ತೆಪ್ಪಳ ಇದೇ. ಬಂಗುಡೆ ಗಸಿಗೆ ಹಾಕುತ್ತಾರಲ್ಲ, ಬಾಯಿಗೆ ಹಾಕಿದರೆ ನಾಲಿಗೆ ಜುಮ್ ಅನ್ನುವ ಒಣ ಸಿಪ್ಪೆ, ಅದು ಈ ಮರದ ಕಾಯಿಯದು. ನಿಂಬೆ, ಕರಿಬೇವಿನ ಕುಟುಂಬಕ್ಕೇ ಸೇರಿದ ಮರ. ಮೀನು ಸಾರಿಗೆ ಅಂತ ಇದನ್ನು ಉಳಿಸಿಕೊಂಡ ಮನೆಗಳ ಹಿತ್ತಿಲಲ್ಲಿ ಈ ಚಿಟ್ಟೆಯೂ ಉಳಿದುಕೊಂಡಿದೆ. ಇದನ್ನು ಯೋಚಿಸಿದಾಗೆಲ್ಲ ನನಗೆ ತುಂಬಾ ಖುಷಿ ಆಗುತ್ತದೆ.

ಮರ ಗುರುತಿಸುವುದು ಸುಲಭ. ಕಾಂಡದ ತುಂಬಾ ದಪ್ಪ ಬುಡದ, ಮೊಲೆಯ ಆಕಾರದ ಮುಳ್ಳುಗಳು. ಬೂರುಗದ ಮರಕ್ಕೂ ಹಾಲಿವಾಣಕ್ಕೂ ಮುಳ್ಳು ಇರುತ್ತದೆ, ಹಾಗಾಗಿ ಎಲೆ ನೋಡಿ. ಬೂರುಗದ ಎಲೆ ಅಂಗೈ ಬಿಡಿಸಿದ ಹಾಗೆ, ಹಾಲಿವಾಣದ್ದು ಮೂರೆಲೆ. ಜುಮ್ಮನಕಾಯಿಯದು ಉದ್ದ ಕಡ್ಡಿಯ ಎರಡೂ ಕಡೆ ಸಾಲಾಗಿ ಕಿರುಎಲೆಗಳು, ಕರಿಬೇವಿನ ಎಸಳಿನ ಹಾಗೆ, ಆದರೆ ದೊಡ್ಡದು. ಒಂದು ಎಲೆ ಹಿಚುಕಿ ಮೂಗಿಗೆ ಹಿಡಿಯಿರಿ, ನಿಂಬೆ ಸಿಪ್ಪೆಯ ಥರದ ಖಾರ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಆಗ ಮುಳ್ಳೇ ಗುರುತು.

ಆ ಮುಳ್ಳಿನ ಕಾರಣಕ್ಕೇ ಜನ ಇದನ್ನು ಕಡಿಯುತ್ತಾರೆ. ಬೇಲಿಯಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಸುಮ್ನೆ ಕತ್ತಿಯಲ್ಲಿ ಸವರಿ ಹೋಗುತ್ತಾರೆ. ನಮ್ಮ ತೋಟದ ಮೂಲೆಯಲ್ಲಿ ಇದ್ದ ಒಂದನ್ನು ಕೆಲಸಕ್ಕೆ ಬಂದವರು ಹಾಗೆಯೇ ಕಡಿದಿದ್ದರು, ನಾನು ಹೇಳಿರಲಿಲ್ಲ, ತಪ್ಪು ನನ್ನದೇ. ಅದೃಷ್ಟಕ್ಕೆ ಬುಡದಿಂದ ಮತ್ತೆ ಚಿಗುರಿತು. ಸೊಂಟದೆತ್ತರದ ಆ ಚಿಗುರಿನಲ್ಲೇ ನಾನು ಮೊದಲ ಸಲ ಈ ಚಿಟ್ಟೆಯ ಮರಿಹುಳು ನೋಡಿದ್ದು.

ಹೇಗಿತ್ತು ಅಂದರೆ, ಎಲೆಯದೇ ಹಸಿರು. ತಲೆಯ ಹಿಂದಿನ ಭಾಗ ಉಬ್ಬಿಕೊಂಡು, ಹಿಂದಕ್ಕೆ ಹೋಗುತ್ತಾ ಸಪೂರ. ಎಲೆಯ ನಡುಗೆರೆಯ ಮೇಲೆ ಅಲ್ಲಾಡದೆ ಅಂಟಿಕೊಂಡಿತ್ತು. ಫೋಟೊ ತೆಗೆಯಲು ಎಲೆ ಸ್ವಲ್ಪ ಬಗ್ಗಿಸಿದೆ. ಕೂಡಲೇ ತಲೆ ಎತ್ತಿ, ತಲೆಯ ಹಿಂದಿನಿಂದ ಹಾವಿನ ನಾಲಿಗೆಯ ಹಾಗೆ ಕವಲೊಡೆದ ಮೆತ್ತನೆಯ ಕೊಂಬು ಹೊರಗೆ ಹಾಕಿತು. ಜೊತೆಗೆ ಒಂದು ಘಾಟು ವಾಸನೆ. ನಾನು ಎಲೆ ಬಿಟ್ಟೆ, ಅದು ಕೊಂಬು ಒಳಗೆ ಎಳೆದುಕೊಂಡು ಮತ್ತೆ ಎಲೆಯಾಗಿಬಿಟ್ಟಿತು. ಈ ಕೊಂಬು ಇರುವೆ, ಕಣಜಗಳನ್ನು ಹೆದರಿಸಿ ಓಡಿಸಲು ಇರುವುದು. ಸ್ವಾಲೋಟೇಲ್ ಅನ್ನುವ ಈ ಚಿಟ್ಟೆ ಕುಟುಂಬದ ಮರಿಗಳಿಗೆಲ್ಲ ಇದೆ, ನಿಮ್ಮ ನಿಂಬೆ ಗಿಡದ ಹುಳುವನ್ನು ಮುಟ್ಟಿದರೂ ನೋಡಬಹುದು.

ಒಂದು ಎಚ್ಚರಿಕೆ. ಜುಮ್ಮನಕಾಯಿ ಗಿಡದ ಮೇಲೆ ಹುಳು ಸಿಕ್ಕಿತು ಅಂದ ಮಾತ್ರಕ್ಕೆ ಅದು ಮಲಬಾರ್ ಬ್ಯಾಂಡೆಡ್ ಪೀಕಾಕ್ ಅಂತ ಬರೆಯಬೇಡಿ. ಅದೇ ಸ್ವಾಲೋಟೇಲ್ ಕುಟುಂಬದ ಬೇರೆ ಚಿಟ್ಟೆಗಳೂ ಈ ಜಾತಿಯ ಗಿಡಗಳಿಗೆ ಮೊಟ್ಟೆ ಇಡುತ್ತವೆ. ಹುಳುವನ್ನು ಮನೆಗೆ ತರುವುದೂ ಬೇಡ. ದಿನಾ ಹೋಗಿ ಅಲ್ಲೇ ನೋಡಿ, ಫೋಟೊ ತೆಗೆಯುತ್ತಾ ಇರಿ. ಕೋಶ ಆದ ಮೇಲೆ ಅದು ಸೊಂಟಕ್ಕೆ ದಾರ ಕಟ್ಟಿಕೊಂಡು ಒರಗಿದ ಹಾಗೆ ಕಡ್ಡಿಗೆ ಅಂಟಿರುತ್ತದೆ. ಚಿಟ್ಟೆ ಹೊರಗೆ ಬಂದ ಬೆಳಿಗ್ಗೆ ರೆಕ್ಕೆ ಒಣಗುವ ತನಕ ಹಾರುವುದಿಲ್ಲ. ಪಟ್ಟೆಯ ಅಗಲ ಸಾವಕಾಶವಾಗಿ ನೋಡಲು ಅಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಯಾವಾಗ, ಎಲ್ಲಿ ಕಾಯುವುದು

ಮಳೆಗಾಲ ಮತ್ತು ಅದು ಮುಗಿದ ನಂತರದ ತಿಂಗಳುಗಳು ಒಳ್ಳೆಯ ಕಾಲ. ಕಡುಬೇಸಿಗೆಯಲ್ಲಿ, ಮರ ಬೋಳಾಗಿರುವಾಗ, ಕಾಯುವುದು ದಂಡ. ಕಾಡಿನೊಳಗೆ ನುಗ್ಗುವುದು ಬೇಡ. ಕಾಡಿನ ಅಂಚಿನ ಬಿಸಿಲು ಬೀಳುವ ಜಾಗ, ರಸ್ತೆ ಬದಿ, ತೋಟದ ಕೊನೆ ಸಾಕು. ಹೂವಿನ ಗಿಡದ ಹತ್ತಿರ ನಿಲ್ಲಿ. ಕೇಪಳ, ರಥಪುಷ್ಪ, ದಾಸವಾಳ, ಲಂಟಾನ ಇದಕ್ಕೆ ಇಷ್ಟ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಬರುತ್ತದೆ. ಒಂದು ಸಲ ಬಂದ ಗಿಡಕ್ಕೆ ಸುತ್ತು ಹಾಕಿ ಮತ್ತೆ ಬರುವುದನ್ನು ನಾನು ಹಲವು ಸಲ ನೋಡಿದ್ದೇನೆ, ಹಾಗಾಗಿ ಅದರ ಹಿಂದೆ ಓಡಬೇಡಿ, ಅಲ್ಲೇ ನಿಂತಿರಿ.

ಇದನ್ನು ನೋಡಲು ಕಾಡೇ ಬೇಕು ಅಂತಿಲ್ಲ. ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಒಂದು ಚಿಟ್ಟೆ ಉದ್ಯಾನ ಇದೆ. ಅಲ್ಲಿ ಬಲೆ ಕಟ್ಟಿ ಚಿಟ್ಟೆ ಕೂಡಿ ಹಾಕಿಲ್ಲ, ಗಿಡ ನೆಟ್ಟಿದ್ದಾರೆ, ಚಿಟ್ಟೆಗಳು ತಾವಾಗಿ ಬರುತ್ತವೆ. ಮೊದಲ ಸಲ ಕಲಿಯುವವರಿಗೆ ಅಂಥ ಜಾಗ ತುಂಬಾ ಒಳ್ಳೆಯದು, ಒಂದೇ ಬೆಳಿಗ್ಗೆ ಹಲವು ಜಾತಿ ಅಕ್ಕಪಕ್ಕ ನೋಡಬಹುದು.

ಫೋಟೊ ಬಗ್ಗೆ. ರೆಕ್ಕೆ ಬಿಡಿಸಿದಾಗ ಮೇಲಿನಿಂದ ತೆಗೆದ ಒಂದು ಮಸುಕಾದ ಫೋಟೊ, ರೆಕ್ಕೆ ಮಡಚಿದಾಗ ತೆಗೆದ ಹತ್ತು ಸ್ಪಷ್ಟ ಫೋಟೊಗಿಂತ ಮೇಲು. ರೆಕ್ಕೆ ನಡುಗುತ್ತಲೇ ಇರುವುದರಿಂದ ಕ್ಯಾಮರಾ ಇದ್ದವರು ಶಟರ್ ವೇಗ 1/1000 ಅಥವಾ ಅದಕ್ಕಿಂತ ಜಾಸ್ತಿ ಇಡಿ. ಮೊಬೈಲ್ ಮಾತ್ರ ಇದ್ದರೆ ಫೋಟೊ ಬಿಟ್ಟುಬಿಡಿ, ಸ್ಲೋ ಮೋಷನ್ ವಿಡಿಯೊ ಮಾಡಿ, ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತಾ ಹೋದರೆ ರೆಕ್ಕೆ ಪೂರ್ತಿ ಬಿಡಿಸಿದ ಒಂದಾದರೂ ಸಿಗುತ್ತದೆ. ಬೆಳಕು ಸ್ವಲ್ಪ ಕಮ್ಮಿ ಇಡಿ, ಇಲ್ಲದಿದ್ದರೆ ಪಟ್ಟೆ ಸುಟ್ಟು ಬಿಳಿ ಆಗುತ್ತದೆ. ಪಟ್ಟೆ ಎದ್ದು ಕಾಣಲಿ ಅಂತ ಆಮೇಲೆ ಬಣ್ಣ ಏರಿಸುವುದು ಬೇಡ. ಗುರುತಿಸುವವರಿಗೆ ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದೇ ಕಾಣದ ಹಾಗಾಗುತ್ತದೆ.

ಆಮೇಲೆ ಅದನ್ನು ಫೋನಿನಲ್ಲೇ ಇಟ್ಟುಕೊಳ್ಳಬೇಡಿ. ಜನ ತಾವು ಕಂಡ ಜೀವಿಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣಕ್ಕೆ ಹಾಕಿ, ತಾರೀಕು ಮತ್ತು ಊರು ಸೇರಿಸಿ. ಹತ್ತಿರದಲ್ಲಿ ಜುಮ್ಮನಕಾಯಿ ಮರ ಇತ್ತಾ, ಯಾವ ಹೂವಿಗೆ ಬಂದಿತ್ತು ಅನ್ನುವುದನ್ನೂ ಒಂದು ಸಾಲು ಬರೆಯಿರಿ. ಪಟ್ಟೆ ಕಾಣದಿದ್ದರೆ "ಪೀಕಾಕ್ ಜಾತಿಯ ಚಿಟ್ಟೆ" ಅಂತ ಮಾತ್ರ ಹಾಕಿ, ಹೆಸರು ಊಹಿಸಬೇಡಿ. ಫೋಟೊ ಸಿಗಲೇ ಇಲ್ಲ ಅಂದರೆ ಒಂದು ಚೀಟಿಯಲ್ಲಿ ಚಿಟ್ಟೆಯ ಚಿತ್ರ ಗೀಚಿ, ಹೊಳಪು ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ಪೆನ್ನಿನಲ್ಲಿ ತುಂಬಿಸಿ. ಅದನ್ನೂ ಆಗಲೇ ಮಾಡಿ. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಬಣ್ಣ ಮಾತ್ರ ನೆನಪಿರುತ್ತದೆ, ಪಟ್ಟೆಯ ಅಗಲ ಮರೆತುಹೋಗಿರುತ್ತದೆ.